ಹಾಲಸಿದ್ದಪ್ಪನವರ ಸ್ಮರಣಾರ್ಥ ಒಂದು ವಿಮಾನ

ಚಿತ್ರದುರ್ಗಕ್ಕೆ ವಿಮಾನ ಬಂದದ್ದು ಲಾರಿಯ ಮೇಲೆ. ರೆಕ್ಕೆ ಇಲ್ಲ, ಬಾಲ ಇಲ್ಲ, ಮೂತಿಯೂ ಇಲ್ಲ; ನಡುವಿನ ಹೊಟ್ಟೆಯಷ್ಟೇ. ಹಳೆಯ ವಿಮಾನವೊಂದನ್ನು ಗುಜರಿಯವರು ಕತ್ತರಿಸಿ ಹಂಚಿಕೊಂಡಾಗ ಉಳಿದ ತುಂಡು ಅದು. ಹಿರಿಯೂರಿನ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡು ಅರ್ಧ ದಿನ ನಿಂತಿತು. ಜನ ಬಂದು ಮುಟ್ಟಿದರು, ತಟ್ಟಿದರು, ಫೋಟೋ ತೆಗೆಸಿಕೊಂಡರು. ಯಾರೋ ಪುಣ್ಯಾತ್ಮರು ಅದರ ಹಣೆ ಎಲ್ಲಿದೆ ಎಂದು ಹುಡುಕಿ, ಸಿಗದೆ, ಪಕ್ಕೆಗೇ ಕುಂಕುಮ ಹಚ್ಚಿ ಕೈಮುಗಿದರು. ಕೊನೆಗೆ ಹೊಳಲ್ಕೆರೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನ ಅಂಗಳಕ್ಕೆ ಅದು ಇಳಿದ ದಿನ, ಕಾಲೇಜು ಟ್ರಸ್ಟಿನ ಅಧ್ಯಕ್ಷರಾದ ಶಿವಕುಮಾರಪ್ಪನವರು 'ದುರ್ಗಕ್ಕೆ ವಿಮಾನ ತಂದವನು ನಾನು' ಎಂದು ಪೇಪರಿನವರಿಗೆ ಹೇಳಿದರು. ಸುಳ್ಳೇನಲ್ಲ, ಲಾರಿ ಅವರದೇ ಆಗಿತ್ತು.

ಆ ತುಂಡಿಗಾಗಿ ಕಂಡಕಂಡವರ ಬೆನ್ನು ಹತ್ತಿ, ಪತ್ರ ಬರೆದು, ಗೋಗರೆದು ತರಿಸಿದವಳು ಮಾತ್ರ ಅನುಷಾ. ಹಿರೇಗುಂಟನೂರಿನ ತಿಪ್ಪಕ್ಕನ ಮಗಳು. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳುತ್ತಾಳೆ, ಗುತ್ತಿಗೆಯ ಮೇಲೆ. ಪ್ರತಿವರ್ಷ ಜೂನ್ ಬಂದರೆ ಅವಳ ಕೆಲಸ ಸಾಯುತ್ತದೆ, ಅಧ್ಯಕ್ಷರ ಮನಸ್ಸು ಬಂದರೆ ಜುಲೈಯಲ್ಲಿ ಮತ್ತೆ ಹುಟ್ಟುತ್ತದೆ. ಪುನರ್ಜನ್ಮವನ್ನು ನಂಬದವರು ಗುತ್ತಿಗೆ ಮೇಷ್ಟ್ರುಗಳನ್ನು ಒಮ್ಮೆ ನೋಡಬೇಕು.

ಅವಳು ಹಿಡಿದ ವಿಷಯ, ಹಾರುವ ವಿಮಾನದ ಹೊರಗಿನ ಗದ್ದಲ ಗೋಡೆ ದಾಟಿ ಒಳಗೆ ಕೂತವರ ಕಿವಿಗೆ ಹೇಗೆ ಬರುತ್ತದೆ ಎಂಬುದು. 'ಕಿವಿಗೆ ಹತ್ತಿ ಇಟ್ಕಂಡ್ರೆ ಆತಪ್ಪ, ಅದಕ್ಕೆ ಇಷ್ಟ್ಯಾಕೆ ಓದ್ಬೇಕು' ಎಂದು ಊರಲ್ಲಿ ಹೇಳಿದವರುಂಟು. ಆದರೆ ಅದು ಅಷ್ಟು ಸಲೀಸಲ್ಲ. ವಿಮಾನದ ಗೋಡೆ ಒಂದಲ್ಲ, ಎರಡು. ಹೊರಗಿನದು ಅಲ್ಯೂಮಿನಿಯಂ ತಗಡು, ಊಟದ ತಟ್ಟೆಗಿಂತ ಹೆಚ್ಚು ದಪ್ಪವಿಲ್ಲ. ಅದನ್ನು ಒಳಗಿನಿಂದ ಪಕ್ಕೆಲುಬಿನಂಥ ಕಂಬಿಗಳು ಹಿಡಿದಿರುತ್ತವೆ. ಪ್ರಯಾಣಿಕರು ತಲೆ ಆನಿಸಿ ನಿದ್ದೆ ಹೊಡೆಯುವ ಒಳಗೋಡೆಯೇ ಬೇರೆ. ಅದು ರಬ್ಬರ್ ಬಿಲ್ಲೆಗಳ ಮೇಲೆ ಸಡಿಲವಾಗಿ ನಿಂತಿರುತ್ತದೆ. ನಡುವಿನ ಸಂದಿಯಲ್ಲಿ ಗಾಜಿನ ನಾರಿನ ಹಾಸು. ಇಂಜಿನ್ನಿನ ಅಬ್ಬರ, ಗಾಳಿಯ ಬಡಿತ ಎಲ್ಲ ಸೇರಿ ಹೊರತಗಡನ್ನು ನಡುಗಿಸುತ್ತವೆ. ತಗಡು ಸಂದಿಯ ಗಾಳಿಯನ್ನು ನಡುಗಿಸುತ್ತದೆ. ಹಾಸು ಆ ನಡುಕವನ್ನು ತನ್ನ ಎಳೆಎಳೆಯಲ್ಲೂ ಸುತ್ತಾಡಿಸಿ ಸುಸ್ತು ಮಾಡುತ್ತದೆ. ಅಳಿದುಳಿದದ್ದಷ್ಟೇ ಒಳಗೆ ಬರುತ್ತದೆ. ಗುಟ್ಟು ಇಷ್ಟೇ: ಎರಡು ಗೋಡೆ ಅಕ್ಕಪಕ್ಕ ಇರಬೇಕು, ಕೈ ಕೈ ಹಿಡಿಯಬಾರದು. ಒಂದೇ ಒಂದು ಕಡೆ ಗಟ್ಟಿಯಾಗಿ ಕೈ ಹಿಡಿದರೂ ಸಾಕು, ಸದ್ದು ಹಾಸಿನ ಗೊಡವೆಗೇ ಹೋಗದೆ ಆ ಕೈ ಹಿಡಿದುಕೊಂಡು ನೆಟ್ಟಗೆ ಒಳಗೆ ಬರುತ್ತದೆ.

ಅನುಷಾ ಮಾಡಿದ ಹೊಸತೆಂದರೆ ಗಾಜಿನ ನಾರಿನ ಜಾಗಕ್ಕೆ ನಮ್ಮ ಕುರಿಯ ಉಣ್ಣೆ ತುಂಬಿದ್ದು. ಈ ಸೀಮೆಯ ಉಣ್ಣೆ ಒರಟು. ಕಂಬಳಿ ಬಿಟ್ಟರೆ ಬೇರೆ ಯಾವುದಕ್ಕೂ ಒಗ್ಗದು, ಕಂಬಳಿ ಹೊದೆಯುವವರೂ ಈಗ ಎಷ್ಟು ಮಂದಿ ಇದ್ದಾರೆ. ಕುರಿಯವರು ಕತ್ತರಿಸಿದ ಉಣ್ಣೆಯನ್ನು ಬೇಲಿ ಮೂಲೆಗೆ ಸುರಿದು ಹೋಗುತ್ತಾರೆ. ತಿಪ್ಪಕ್ಕ ಮತ್ತು ಅವಳ ಸಂಘದ ಹೆಂಗಸರು ಅದನ್ನು ಆಯ್ದು ತಂದು, ತೊಳೆದು, ಹಿಂಜಿ, ಹಗುರವಾದ ಹಾಸು ಮಾಡಿಕೊಟ್ಟಿದ್ದರು. ಈ ಹಾಸು ಪರೀಕ್ಷೆಯಲ್ಲಿ ಗೆದ್ದರೆ ವಿಮಾನದ ಒಳಾಂಗಣ ಮಾಡುವ ಬೆಂಗಳೂರಿನ ಕಂಪನಿಯೊಂದು ಅದನ್ನು ಕೊಳ್ಳುತ್ತದೆ. ಹೆಂಗಸರಿಗೆ ಬಿಸಿಲಿನ ಕೂಲಿ ತಪ್ಪಿ ನೆರಳಿನ ಕೆಲಸ ಸಿಗುತ್ತದೆ. ಸೋತರೆ ಉಣ್ಣೆ ಮತ್ತೆ ಬೇಲಿ ಮೂಲೆಗೆ, ಹೆಂಗಸರು ಮತ್ತೆ ಈರುಳ್ಳಿ ಹೊಲಕ್ಕೆ.

ಇನ್ನೊಂದು ಆಸೆಯೂ ಇತ್ತು. ಪ್ರದರ್ಶನ ಒಂದು ಚೆಂದಾಗಿ ಮುಗಿಯಲಿ, ಅನುಷಾಳ ಕೆಲಸ ಕಾಯಂ ಮಾಡುತ್ತೇನೆ ಎಂದು ಶಿವಕುಮಾರಪ್ಪ ಹೇಳಿದ್ದರು. ಹಿಂದೆಯೂ ಇಂಥದೇ ತುಪ್ಪವನ್ನು ಮೂಗಿಗೆ ಸವರಿದ್ದುಂಟು. ಆದರೂ ಮೂಗು ಇರುವ ತನಕ ಮನುಷ್ಯರಿಗೆ ತುಪ್ಪದ ವಾಸನೆ ಬಂದೇ ಬರುತ್ತದೆ, ಏನು ಮಾಡುವುದು.

ಪ್ರದರ್ಶನದ ಬೆಳಿಗ್ಗೆ ಅನುಷಾ ಬೇಗ ಬಂದಳು. ಹಿಂದಿನ ವಾರ ತಾನೊಬ್ಬಳೇ ಪರೀಕ್ಷೆ ಮಾಡಿ ನೋಡಿದ್ದಳು. ಉಣ್ಣೆ ಹೊರಗಿನ ಸದ್ದನ್ನು ಗಾಜಿನ ನಾರಿಗಿಂತ ಒಂದು ಗುಟುಕು ಹೆಚ್ಚೇ ನುಂಗಿತ್ತು. ಆ ಖುಷಿಯಲ್ಲೇ ಅಂಗಳ ದಾಟಿದವಳು ವಿಮಾನದ ತುಂಡಿನ ಮುಂದೆ ಬಂದು ನಿಂತುಬಿಟ್ಟಳು. ಅದರ ಪಕ್ಕೆಗೆ ಕಿಟಕಿ ಬಾಗಿಲಷ್ಟು ದೊಡ್ಡ ಹಿತ್ತಾಳೆ ಫಲಕ ಬಂದು ಕೂತಿತ್ತು. ಅರಿಸಿನ, ಕುಂಕುಮ, ಸೇವಂತಿಗೆ ಹಾರ. 'ಲಿಂಗೈಕ್ಯ ಶ್ರೀ ಹಾಲಸಿದ್ದಪ್ಪನವರ ಸ್ಮರಣಾರ್ಥ, ಇವರ ಸುಪುತ್ರ ಶ್ರೀ ಶಿವಕುಮಾರಪ್ಪನವರ ಸೇವೆ.' ಸುಪುತ್ರರ ಅಕ್ಷರಗಳು ತಂದೆಯವರ ಅಕ್ಷರಗಳಿಗಿಂತ ಎರಡು ಬೆರಳು ದೊಡ್ಡವಾಗಿದ್ದವು.

ದಾನಿಗಳ ಹೆಸರಿಲ್ಲದೆ ನಮ್ಮಲ್ಲಿ ಏನೂ ನಡೆಯುವುದಿಲ್ಲ. ಗುಡಿಗೆ ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೈತುಂಬ ಹೆಸರು ಬರೆಸುತ್ತೇವೆ, ಬೆಳಕು ಬರಲು ಎಲ್ಲಾದರೂ ಸಂದಿ ಉಳಿದರೆ ಅದು ದೇವರ ಭಾಗ್ಯ. ಫ್ಯಾನಿನ ಮೂರು ರೆಕ್ಕೆಗೆ ಮೂರು ತಲೆಮಾರಿನ ಹೆಸರು. ಬಸ್ ತಂಗುದಾಣದ ಕಲ್ಲು ಬೆಂಚಿನ ಮೇಲೆ ದಾನಿಯ ಹೆಸರಿನ ಮೇಲೆಯೇ ಎಲ್ಲರೂ ಕೂರುತ್ತಾರೆ, ದಾನಿಗೆ ಅದೂ ಸಂತೋಷವೇ. ಹೀಗಿರುವಾಗ ವಿಮಾನವನ್ನು ಬರಿಮೈಯಲ್ಲಿ ಬಿಡುವುದುಂಟೇ?

ಅನುಷಾ ಒಳಗೆ ಓಡಿದಳು. ಒಳಗೋಡೆಯ ಮೇಲೂ ಅಂಥದೇ ಇನ್ನೊಂದು ಫಲಕ. ಹೊರಗಿನ ಫಲಕ, ಒಳಗಿನ ಫಲಕ, ಎರಡಕ್ಕೂ ಸೇರಿ ಹೆಬ್ಬೆರಳು ಗಾತ್ರದ ನಾಲ್ಕು ಬೋಲ್ಟು, ಗೋಡೆಯ ಈ ಕಡೆಯಿಂದ ಆ ಕಡೆಗೆ. ನಡುವೆ ಸಿಕ್ಕ ಉಣ್ಣೆ ಅಪ್ಪಚ್ಚಿ. ಲ್ಯಾಬಿನ ಫಿಟ್ಟರ್ ದುರ್ಗೇಶ್ ಬೋಲ್ಟು ತಿರುಗಿಸುವ ಪಾನಾ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಯಾರು ಹೇಳಿದ್ರು ದುರ್ಗೇಶ್ ಇದನ್ನ ಹಾಕೋಕೆ?"

"ಅಧ್ಯಕ್ಷರೇ ಮೇಡಂ. ಮುಹೂರ್ತ ಐತೆ, ನಸುಕಿಗೇ ಕೂರ್ಸು ಅಂದ್ರು. ಅಪ್ಪನ ಹೆಸ್ರು, ಒಂಚೂರೂ ಅಲ್ಲಾಡ್ಬಾರ್ದು ಅಂದ್ರು. ಅಲ್ಲಾಡ್ಸಿ ನೋಡ್ರಿ ಬೇಕಾದ್ರೆ."

ಅನುಷಾ ಅಲ್ಲಾಡಿಸಿ ನೋಡಲಿಲ್ಲ. ದುರ್ಗೇಶನ ಕೆಲಸ ಯಾವತ್ತೂ ಗಟ್ಟಿ. ಬೆರಳ ಗೆಣ್ಣಿನಿಂದ ಒಳಫಲಕವನ್ನು ಒಮ್ಮೆ ತಟ್ಟಿದಳು, ಅದು ಜಾಗಟೆಯ ಹಾಗೆ ಠಣ್ ಎಂದಿತು. ಅವಳ ಎದೆಯೂ ಹಾಗೇ ಎಂದಿತು. ಎರಡು ಗೋಡೆ ಎಲ್ಲೂ ಕೈ ಹಿಡಿಯದಿರಲೆಂದು ತಿಂಗಳುಗಟ್ಟಲೆ ಒದ್ದಾಡಿದ್ದವಳು. ಈಗ ಅವಕ್ಕೆ ವಾಲಗ ಊದಿಸಿ ಮದುವೆಯನ್ನೇ ಮಾಡಿದ್ದರು.

ಶಿವಕುಮಾರಪ್ಪನವರು ಶಾಮಿಯಾನದ ಕೆಳಗೆ ಕುರ್ಚಿ ಜೋಡಿಸುವವರಿಗೆ ಬುದ್ಧಿ ಹೇಳುತ್ತಿದ್ದರು. ಹೊಸದುರ್ಗದಲ್ಲಿ ಅವರದು ಕೊಬ್ಬರಿ ಎಣ್ಣೆಯ ಗಿರಣಿ. ಹುಟ್ಟಿದಾಗಿನಿಂದ ಗಿರಣಿಯ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಗಿರಣಿ ಇಲ್ಲದ ಕಡೆಯೂ ಅದು ಓಡುತ್ತಿದೆ ಎಂದೇ ತಿಳಿದು ಮಾತಾಡುವ ಮನುಷ್ಯ. ಅವರು ಹೆಂಡತಿಗೆ ಗುಟ್ಟು ಹೇಳಿದರೆ ಅದು ಮೂರನೇ ಬೀದಿಗೆ ಮೊದಲು ಮುಟ್ಟುತ್ತಿತ್ತಂತೆ.

"ಸಾರ್, ಆ ಫಲಕ ಸ್ವಲ್ಪ ತೆಗೆಸಿದ್ರೆ... ಪರೀಕ್ಷೆ ಮುಗಿಯೋ ತನಕ ಅಷ್ಟೇ. ಬೋಲ್ಟ್ ಹಿಡ್ಕಂಡು ಹೊರಗಿನ ಸದ್ದು ಒಳಗೆ ಬರ್ತೈತೆ ಸಾರ್."

"ಏನ್ರಿ ಮೇಡಂ, ನಾಲ್ಕು ಬೋಲ್ಟಿಗೆ ವಿಮಾನ ಬಿದ್ದೋಗ್ತೈತಾ? ಅದು ಹಾರೋದೇ ಇಲ್ವಲ್ರಿ. ಬೋಲ್ಟ್ ಹಾಕಿದ್ರೆ ಗೋಡೆ ಇನ್ನೂ ಗಟ್ಟಿ ಆತು. ಗಟ್ಟಿ ಗೋಡೇಲಿ ಸದ್ದು ಬರಲ್ಲ, ಸಣ್ ಹುಡುಗ್ರಿಗೂ ಗೊತ್ತು."

"ಮಣ್ಣಿನ ಗೋಡೆಗೆ ಸರಿ ಸಾರ್. ಇದು ಹಂಗಲ್ಲ..."

"ಪೂಜೆ ಆಗೈತೆ. ನಮ್ಮಪ್ಪನ ಹೆಸ್ರು. ಪೂಜೆ ಆದ ಮೇಲೆ ಕೀಳು ಅಂತೀರಾ?" ಅಧ್ಯಕ್ಷರು ನಗುತ್ತಲೇ ಅವಳ ಮುಖ ನೋಡಿದರು. "ನಿಮ್ಮ ಆರ್ಡರ್ ರೆಡಿ ಐತ್ರಿ. ಸಾಯಂಕಾಲ ಒಂದು ಸಹಿ ಹಾಕೋದಷ್ಟೇ. ಹೋಗ್ರಿ, ಹೂವಿನ ಬೊಕೆ ಬಂದಾವೇನು ನೋಡ್ರಿ."

ಅನುಷಾ ಹೋಗಿ ಬೊಕೆ ನೋಡಿದಳು. ಅವಳನ್ನು ಹೇಡಿ ಎನ್ನುವವರು ಮೊದಲು ಎರಡು ಸಲ ಜೂನ್ ತಿಂಗಳಲ್ಲಿ ಸತ್ತು ಬರಲಿ, ಆಮೇಲೆ ಮಾತಾಡೋಣ. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಹೊತ್ತೇರುವಷ್ಟರಲ್ಲಿ ಶಾಮಿಯಾನ ತುಂಬಿತು. ಮುಂದಿನ ಸಾಲಿನ ಸೋಫಾದಲ್ಲಿ ಅಧ್ಯಕ್ಷರ ತಾಯಿ ಏಕನಾಥಮ್ಮ, ಅಂದರೆ ಫಲಕದ ಮೇಲಿನ ಹಾಲಸಿದ್ದಪ್ಪನವರ ಹೆಂಡತಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಎಂಬತ್ತು ದಾಟಿದ ಜೀವ. ಶಿವಕುಮಾರಪ್ಪ ಊರನ್ನೆಲ್ಲ ಹೆದರಿಸಿದರೂ ಈ ಒಬ್ಬರಿಗೆ ಹೆದರುತ್ತಿದ್ದರು. ಕೊನೆಯ ಸಾಲಿನಲ್ಲಿ ತಿಪ್ಪಕ್ಕ ಮತ್ತು ಸಂಘದ ಹೆಂಗಸರು, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಪಕ್ಕದವರಿಗೆ 'ಒಳಗಿರೋ ಉಣ್ಣೆ ನಮ್ದೇಯ' ಎಂದು ಹೇಳುತ್ತಿದ್ದರು. ಪಕ್ಕದವರು ಕೇಳದಿದ್ದರೂ ಹೇಳುತ್ತಿದ್ದರು.

ಕಂಪನಿಯಿಂದ ಬಂದ ತೇಜಸ್ವಿನಿ ಎಂಬಾಕೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಗಾಳಿಗೆ ಆರಿದ ದೀಪವನ್ನು ಮತ್ತೆ ಬೆಳಗುವುದು, ಐದು ಭಾಷಣ, ಎಲ್ಲವನ್ನೂ ತಾಳ್ಮೆಯಿಂದ ಸಹಿಸಿ, ಕೊನೆಗೆ ಚೀಲದಿಂದ ತಮ್ಮ ಅಳೆಯುವ ಯಂತ್ರ ತೆಗೆದರು. ಇಂಜಿನ್ನಿನ ಸದ್ದಿಗೆ ಭರಮಸಾಗರದಿಂದ ಮೈಕ್ ಸೆಟ್ ತರಿಸಿ, ತುಂಡಿನ ಸುತ್ತ ದೊಡ್ಡ ದೊಡ್ಡ ಸ್ಪೀಕರ್ ನಿಲ್ಲಿಸಿದ್ದರು. ಅನುಷಾ ಕೊಟ್ಟ ಧ್ವನಿ ಬರೀ 'ಬುಸ್ಸ್' ಎನ್ನುವಂಥದು. ಮೈಕ್ ಸೆಟ್ಟಿನವನು ಸೆಟ್ ಕೆಟ್ಟಿತೆಂದು ಎರಡು ಸಲ ಆಫ್ ಮಾಡಿದ. ಇದೇ ಬೇಕಾದ ಸದ್ದು ಎಂದು ತಿಳಿದ ಮೇಲೆ, ಇಷ್ಟಕ್ಕೆ ಮುಂಗಡ ಕೊಟ್ಟು ಕರೆಸಿದ ಜನರನ್ನು ಕನಿಕರದಿಂದ ನೋಡಿದ.

ತೇಜಸ್ವಿನಿ, ಅನುಷಾ, ಅಧ್ಯಕ್ಷರು ಒಳಗೆ ಹೋಗಿ ಕೂತರು. ಶಿವಕುಮಾರಪ್ಪ ಕಿಟಕಿ ಪಕ್ಕದ ಸೀಟೇ ಬೇಕೆಂದು ಕೇಳಿ ಪಡೆದು, ಬೆಲ್ಟು ಬೇರೆ ಹಾಕಿಸಿಕೊಂಡರು. ಬಾಗಿಲು ಮುಚ್ಚಿತು, ಹೊರಗೆ ಸದ್ದು ಹತ್ತಿತು.

ಒಳಗೂ ಹತ್ತಿತು. ಗೋಡೆಯ ಉಳಿದೆಲ್ಲ ಕಡೆ ಉಣ್ಣೆ ತನ್ನ ಪಾಡಿಗೆ ತಾನು ನುಂಗುತ್ತಲೇ ಇತ್ತು, ಆದರೆ ಹಾಲಸಿದ್ದಪ್ಪನವರ ಸ್ಮರಣೆ ಮಾತ್ರ ಹಬ್ಬದ ಜಾಗಟೆಯ ಹಾಗೆ ಝೇಂಕರಿಸುತ್ತಿತ್ತು. ತೇಜಸ್ವಿನಿ ಯಂತ್ರ ನೋಡಿದರು, ಇನ್ನೊಮ್ಮೆ ನೋಡಿದರು, ಸೀಟು ಬದಲಿಸಿ ನೋಡಿದರು. ಹೊರಗೆ ಬಂದ ಮೇಲೆ ಯಂತ್ರವನ್ನು ಚೀಲಕ್ಕೆ ಹಾಕುತ್ತ ಹೇಳಿದರು.

"ಒಳ್ಳೆ ಪ್ರಯತ್ನ. ಆದರೆ ಉಣ್ಣೆ ಕೆಲಸ ಮಾಡ್ತಿಲ್ಲ ಅನ್ಸುತ್ತೆ. ಈಗಿರೋ ಹಾಸೇ ಇದಕ್ಕಿಂತ ಎಷ್ಟೋ ವಾಸಿ."

'ಒಳ್ಳೆ ಪ್ರಯತ್ನ' ಎಂಬುದಷ್ಟೇ ಕಿವಿಗೆ ಬಿದ್ದ ಅಧ್ಯಕ್ಷರು ಜೋರಾಗಿ ಚಪ್ಪಾಳೆ ತಟ್ಟಿದರು. ಶಾಮಿಯಾನವೂ ತಟ್ಟಿತು. ಕೊನೆಯ ಸಾಲಿನಲ್ಲಿ ತಿಪ್ಪಕ್ಕ ಎದ್ದು ನಿಂತು ತಟ್ಟುತ್ತಿದ್ದಳು, ಉಣ್ಣೆ ಹಿಂಜಿ ಹಿಂಜಿ ಬಿರುಕು ಬಿಟ್ಟ ಕೈಯಿಂದ. ಸೋತದ್ದು ತನ್ನ ಉಣ್ಣೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅನುಷಾಗೆ ಅದನ್ನು ನೋಡಲಾಗಲಿಲ್ಲ. ಸಾಯಂಕಾಲದ ಸಹಿ, ಜೂನ್ ತಿಂಗಳು, ಎಲ್ಲವೂ ಆ ಹೊತ್ತಿಗೆ ಅವಳಿಗೆ ಹೇಸಿಗೆಯಾಗಿ ಕಂಡವು.

"ಮೇಡಂ, ಉಣ್ಣೆ ಸೋತಿಲ್ಲ" ಎಂದಳು. ಅವಳ ಎದುರಿಗೇ ಮೈಕ್ ಇದ್ದದ್ದು ಅವಳಿಗೆ ಮರೆತಿತ್ತು. ಮಾತು ಅಂಗಳವಿಡೀ ಕೇಳಿತು. "ಆ ಫಲಕ ತೆಗೆಸಿ ಇನ್ನೊಂದು ಸಲ ನೋಡ್ರಿ. ಸದ್ದು ಬರ್ತಿರೋದು ಉಣ್ಣೆ ದಾಟಿ ಅಲ್ಲ, ಫಲಕದ ಬೋಲ್ಟ್ ಹಿಡ್ಕಂಡು."

ಶಿವಕುಮಾರಪ್ಪನವರ ಮುಖ ಮೊದಲು ಕೆಂಪಾಗಿ ಆಮೇಲೆ ಫಲಕದ ಬಣ್ಣಕ್ಕೆ ತಿರುಗಿತು.

"ಅಂದ್ರೆ ಗದ್ದಲ ಮಾಡ್ತಿರೋದು ನಮ್ಮಪ್ಪ ಅಂತೀರಾ?"

"ಅವರಲ್ಲ ಸಾರ್, ಬೋಲ್ಟು."

"ಬೋಲ್ಟ್ ಯಾರ ಹೆಸ್ರಲ್ಲಿ ಐತೆ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ತೇಜಸ್ವಿನಿ ಮಾತ್ರ ಮೈಕ್ ಸೆಟ್ಟಿನವನಿಗೆ ಮತ್ತೆ ಸದ್ದು ಹಾಕಲು ಸನ್ನೆ ಮಾಡಿ, ವಿಮಾನದೊಳಗೆ ಹೋಗಿ, ಒಳಫಲಕಕ್ಕೆ ಅಂಗೈ ಇಟ್ಟು ನೋಡಿ ಬಂದರು. ಆಕೆಯ ಮುಖ ಬದಲಾಗಿತ್ತು. "ಇದು ನಡುಗ್ತಿದೆ. ಇದನ್ನ ತೆಗೆದು ನೋಡೋದು ಒಳ್ಳೇದು" ಎಂದರು. ದುರ್ಗೇಶ್ ಪಾನಾವನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಪೂಜೆಯಾದ ಹೆಸರಿಗೆ ಪಾನಾ ಹಾಕುವ ಪಾಪ ಯಾರಿಗೆ ಬೇಕು. ಟ್ರಸ್ಟಿನ ಇತರರು ತಮ್ಮ ತಮ್ಮ ಚಪ್ಪಲಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಆಗ ಏಕನಾಥಮ್ಮ ಕೈ ಚಾಚಿ ಮೈಕ್ ಕೇಳಿದರು. ಯಾರೋ ಓಡಿ ಹೋಗಿ ಹಿಡಿದರು.

"ತೆಗಿಯೋ ಶಿವು ಅದನ್ನ" ಎಂದರು. "ನಿಮ್ಮಪ್ಪ ಗಿರಣಿ ಸದ್ದು ತಡೀಲಾರ್ದೆ ಹಿತ್ತಲ ಕಣಜದ ಮನೇಲಿ ಹೋಗಿ ಮಲಗ್ತಿದ್ರು. ಸಾಯೋ ತನಕ ಒಂದು ಜೋರು ಮಾತಾಡಿದೋರಲ್ಲ. ಅಂಥೋರ ಹೆಸ್ರಿಗೆ ಜಾಗಟೆ ಬಡಿಸ್ತಿದ್ದೀಯಲ್ಲ, ಮೇಲೆ ಕುಂತು ಏನಂದ್ಕಂಡಾರು."

ತಾಯಿಯ ಮಾತು, ಅದೂ ಮೈಕಿನಲ್ಲಿ. ಶಿವಕುಮಾರಪ್ಪ ದುರ್ಗೇಶನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ದುರ್ಗೇಶ್ ಫಲಕಕ್ಕೆ ಕೈಮುಗಿದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು, ನಾಲ್ಕೂ ಬೋಲ್ಟು ಬಿಚ್ಚಿದ. ಫಲಕಗಳನ್ನು ಹಾರದ ಸಮೇತ ಎತ್ತಿ ಏಕನಾಥಮ್ಮನವರ ಪಕ್ಕದ ಸೋಫಾದಲ್ಲೇ ಕೂರಿಸಿದರು. ಹಾಲಸಿದ್ದಪ್ಪನವರಿಗೆ ಅಲ್ಲಿಂದ ಕಾರ್ಯಕ್ರಮ ಚೆನ್ನಾಗಿ ಕಾಣುತ್ತಿತ್ತು.

ಅಷ್ಟಕ್ಕೆ ಮುಗಿಯಲಿಲ್ಲ. ಬೋಲ್ಟು ಹೋದ ಜಾಗದಲ್ಲಿ ಗೋಡೆಗೆ ತೂತು. ತೂತಿದ್ದರೆ ಸದ್ದಿಗೆ ಹೆಬ್ಬಾಗಿಲೇ ತೆರೆದಂತೆ. ಎಂಥ ಗೋಡೆ ಇದ್ದರೂ ದಂಡ. ಮುಚ್ಚುವುದಕ್ಕೆ ತೂಕವೂ ಇರಬೇಕು, ಮೆತ್ತಗೂ ಇರಬೇಕು, ಸಂದಿ ಬಿಡದೆ ಕಚ್ಚಿಕೊಳ್ಳಲೂ ಬೇಕು. ಅಂಥದೊಂದು ಮೇಣ ಪೇಟೆಯಲ್ಲಿ ಸಿಗುತ್ತದೆ, ಆದರೆ ಪೇಟೆಗೆ ಹೋಗಿ ಬರುವಷ್ಟು ಹೊತ್ತು ತೇಜಸ್ವಿನಿ ಕಾಯುವಂತಿರಲಿಲ್ಲ. ಅನುಷಾ ಸುತ್ತ ನೋಡಿದಳು. ಶಾಮಿಯಾನದ ಹಿಂದೆ ಮಧ್ಯಾಹ್ನದ ಅಡುಗೆ ನಡೆದಿತ್ತು. ನೆಟ್ಟಗೆ ಅಲ್ಲಿಗೆ ಹೋಗಿ, ಆಗ ತಾನೇ ಕಟ್ಟಿಟ್ಟ ಎರಡು ರಾಗಿ ಮುದ್ದೆ ಎತ್ತಿಕೊಂಡು ಬಂದಳು. ಬಿಸಿಗೆ ಕೈ ಕೈ ಬದಲಿಸುತ್ತ, ಹೊರಗೂ ಒಳಗೂ ಎಲ್ಲ ತೂತಿಗೂ ಮುದ್ದೆ ಮೆತ್ತಿ ಹೆಬ್ಬೆರಳಿಂದ ಒತ್ತಿದಳು. ಲೋಕದ ಯಾವ ವಿಮಾನದ ಗೋಡೆಗೂ ಈ ಯೋಗ ಬಂದಿರಲಾರದು. ಸಾರು ಬೇಕಾ ಮೇಡಂ ಎಂದು ಅಡುಗೆಯವನು ಹಿಂದಿನಿಂದ ಕೇಳಿದ್ದಕ್ಕೆ ಯಾರೋ ಕಿಸಕ್ಕೆಂದರು.

ಮತ್ತೆ ಮೂವರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಹೊರಗೆ ಸದ್ದು ಹತ್ತಿದ್ದು ಕಿಟಕಿಯಿಂದ ನೋಡಿದರೆ ಗೊತ್ತಾಗುತ್ತಿತ್ತು: ಮುಂದಿನ ಸಾಲಿನವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಒಳಗೆ ದೂರದ ಕೆರೆ ಕೋಡಿಯ ಹಾಗೆ ಸಣ್ಣದೊಂದು ಮೊರೆತ, ಅಷ್ಟೇ. ತೇಜಸ್ವಿನಿ ಯಂತ್ರ ನೋಡಿ, ಅನುಷಾಳನ್ನು ನೋಡಿ, ಮೊದಲ ಸಲ ಮನಸಾರೆ ನಕ್ಕರು.

"ಇದು ನಾವು ಈಗ ಹಾಕ್ತಿರೋದಕ್ಕಿಂತ ಚೆನ್ನಾಗಿದೆ. ಉಣ್ಣೆ ಹಾಸು ನಾವು ತಗೋತೀವಿ. ನಿಮ್ಮ ಸಂಘದವರ ಹತ್ರ ಇವತ್ತೇ ಮಾತಾಡ್ತೀನಿ" ಎಂದರು.

ಹೊರಗೆ ಬಂದು ಅದನ್ನೇ ಮೈಕಿನಲ್ಲಿ ಹೇಳಿದಾಗ ಕೊನೆಯ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ತಿಪ್ಪಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅನುಷಾಗೆ ಜೀವಮಾನದಲ್ಲಿ ಅಂಥ ಸಂತೋಷ ಆಗಿರಲಿಲ್ಲ. ಏಕನಾಥಮ್ಮ ಮತ್ತೆ ಮೈಕ್ ಕೇಳಿ ಪಡೆದರು.

"ಶಿವು, ಈ ಹುಡುಗಿ ಕೆಲ್ಸ ಕಾಯಂ ಮಾಡ್ತೀನಿ ಅಂದಿದ್ಯಂತೆ. ಮಾಡು. ನಿಮ್ಮಪ್ಪನ ಮರ್ಯಾದೆ ಉಳಿಸಿದಾಳೆ."

"ಆಗ್ಲಿ ಅವ್ವ, ಮಾಡ್ತೀನಿ" ಎಂದರು ಶಿವಕುಮಾರಪ್ಪ, ಅವರೂ ಮೈಕಿನಲ್ಲೇ. ಚಪ್ಪಾಳೆ ಬಿತ್ತು. ಅಲ್ಲಿಗೆ ನಿಲ್ಲಿಸದೆ, ಗೋಡೆಗೆ ಗೋಡೆ ತಾಗಬಾರದು ಎಂಬುದೇ ವಿಮಾನದ ಗುಟ್ಟು, ಅದನ್ನು ತೋರಿಸಲೆಂದೇ ತಾನು ಮೊದಲು ಫಲಕ ಹಾಕಿಸಿ ಆಮೇಲೆ ತೆಗೆಸಿದ್ದು ಎಂದೂ ವಿವರಿಸಿದರು. ಪೇಪರಿನವರು ಬರೆದುಕೊಂಡರು.

ಊಟಕ್ಕೆ ಜನ ಎದ್ದಾಗ ಅವರು ಅನುಷಾಳನ್ನು ಕರೆದರು. "ಒಂದ್ ನಿಮಿಷ ಒಳಗೆ ಬರ್ರಿ ಮೇಡಂ. ಇನ್ನೊಂದ್ಸಲ ಕುಂತು ನೋಡಾಣ."

ಅನುಷಾ ಒಳಗೆ ಹೋದಳು. ಅಧ್ಯಕ್ಷರು ತಾವೇ ಬಾಗಿಲು ಎಳೆದುಕೊಂಡರು. ಹೊರಗಿನ ತಟ್ಟೆ ಲೋಟದ ಸದ್ದು, ಮಕ್ಕಳ ಕೂಗು, ಸ್ಪೀಕರಿನ ಭಾವಗೀತೆ ಎಲ್ಲವೂ ಹಿಂದೆ ಸರಿದವು. ಶಿವಕುಮಾರಪ್ಪ ಕಿಟಕಿ ಪಕ್ಕದ ಸೀಟಿನಲ್ಲಿ ಕೂತರು. ಮಾತಾಡಿದಾಗ ದನಿ ಎಷ್ಟು ತಗ್ಗಿತ್ತೆಂದರೆ, ಇದು ಇವರದೇ ದನಿಯೋ ಎಂದು ಅವಳಿಗೆ ಅನುಮಾನವಾಯಿತು.

"ಇಲ್ಲಿ ಆಡಿದ ಮಾತು ಹೊರಗೆ ಕೇಳಲ್ಲ ಅಲ್ಲೇನ್ರಿ?"

"ಕೇಳಲ್ಲ ಸಾರ್. ಹೊರಗಿಂದು ಒಳಗೆ ಬರದಿದ್ರೆ ಒಳಗಿಂದೂ ಹೊರಗೆ ಹೋಗಲ್ಲ" ಎಂದಳು. ಪಾಠ ಹೇಳುವ ರೂಢಿ, ಕೇಳಿದ್ದಕ್ಕೆ ಒಂದು ಮಾತು ಹೆಚ್ಚೇ ಹೇಳುತ್ತಾಳೆ. ಅದರಲ್ಲಿ ಹೆಮ್ಮೆಯೂ ಇತ್ತು.

"ಖಾತ್ರಿನಾ?"

"ಖಾತ್ರಿ ಸಾರ್."

"ಹಂಗಾದ್ರೆ ಕೇಳ್ರಿ. ನಿಮ್ಮ ಆರ್ಡರ್‌ಗೆ ನಾನು ಸಹಿ ಹಾಕಲ್ಲ. ಜೂನ್ ಆದ ಮೇಲೆ ನೀವು ಇಲ್ಲಿಗೆ ಬರೋದೂ ಬ್ಯಾಡ. ನಮ್ಮಪ್ಪನ ಹೆಸ್ರನ್ನ ನಾಕು ಜನದ ಮುಂದೆ ಬಿಚ್ಚಿಸಿದೋರನ್ನ ನಾನು ಇಟ್ಕಳಲ್ಲ. ಇದನ್ನ ಹೊರಗೆ ಹೇಳೋಕೆ ಆಗಲ್ಲ, ಅವ್ವ ಅದಾಳೆ, ಪೇಪರಿನೋರು ಅದಾರೆ. ನೀವು ಹೇಳಿದ್ರೂ ಯಾರೂ ನಂಬಲ್ಲ. ನಾನು ಮೈಕಲ್ಲಿ ಏನಂದೆ ಅಂತ ಎಲ್ರೂ ಕೇಳಿದಾರೆ." ಸೀಟಿನಿಂದ ಎದ್ದು, ಅಂಗಿ ಸರಿಮಾಡಿಕೊಂಡು, ಗೋಡೆಯನ್ನು ಮೆಲ್ಲಗೆ ತಟ್ಟಿದರು. "ಒಳ್ಳೇ ಕೆಲ್ಸ ಮಾಡಿದ್ದೀರ್ರಿ. ನಗ್ತಾ ಹೊರಗೆ ಬರ್ರಿ."

ಬಾಗಿಲು ತೆರೆಯಿತು. ಅಧ್ಯಕ್ಷರು ಮೊದಲು ಇಳಿದು, ಗಿರಣಿ ಓಡುತ್ತಿರುವ ದನಿಯಲ್ಲಿ ಎಲ್ಲರನ್ನೂ ಊಟಕ್ಕೆ ಕರೆಯುತ್ತ ಹೋದರು. ಅನುಷಾಗೆ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಗೋಡೆಯನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದಿತ್ತು. ಮೆಟ್ಟಿಲಿಳಿದರೆ ಎದುರಿಗೇ ಅವ್ವ ತಿಪ್ಪಕ್ಕ. ಅವಳು ಊಟಕ್ಕೆ ಹೋಗಿರಲಿಲ್ಲ. ಸಂಘದ ಹೆಂಗಸರ ಜೊತೆ ವಿಮಾನದ ಪಕ್ಕೆಗೆ ಅಂಟಿಕೊಂಡು ನಿಂತಿದ್ದಳು, ಕೆನ್ನೆಯ ಮೇಲೆ ತಗಡಿನ ಮೊಳೆಸಾಲಿನ ಗುರುತು ಮೂಡಿತ್ತು. ಮುಖ ಹಬ್ಬದ ಹಾಗೆ ಅರಳಿತ್ತು.

"ನೀವಿಬ್ರೂ ಮಾತಾಡೋದು ಕಿಟಕೀಲಿ ಕಾಣ್ತಿತ್ತು ಕಣೇ ಅನು. ಕಿವಿ ಇಟ್ಟೇ ಕೇಳಿದ್ವಿ, ಇವಳೂ ಇಟ್ಲು, ಅವಳೂ ಇಟ್ಲು. ಒಂದಕ್ಷರ ಕೇಳ್ಲಿಲ್ಲ ಕಣೇ. ನಮ್ಮ ಉಣ್ಣೆ ಅಂದ್ರೆ ಉಣ್ಣೆ." ಮಗಳ ಕೈ ಹಿಡಿದುಕೊಂಡು ಕೇಳಿದಳು. "ಏನಂದ್ರು ಅಧ್ಯಕ್ಷರು?"

ಅನುಷಾ ಅವ್ವನ ಬಿರುಕು ಬಿಟ್ಟ ಕೈಯನ್ನು ನೋಡಿದಳು.

"ಒಳ್ಳೇ ಕೆಲಸ ಮಾಡಿದ್ದೀರಿ ಅಂದ್ರು ಅವ್ವ" ಎಂದಳು.

ತಿಪ್ಪಕ್ಕ ಹಿಂದೆ ತಿರುಗಿ ಸಂಘದವರೆಲ್ಲರಿಗೂ ಅದನ್ನೇ ಗಟ್ಟಿಯಾಗಿ ಕೂಗಿ ಹೇಳಿದಳು.